ಇಡಿ ಹಂಚು

"ಸೋಗೆ ಮುಟ್ಟಿದ್ರೆ ಕೈ ಮುರಿತೇನೆ ನೋಡು, ರಂಡೆ! ಅದು ದನದ ಹಟ್ಟಿಗೆ ಹಾಕ್ಲಿಕ್ಕೆ ಉಂಟು."

ಜಗಲಿಯಿಂದ ಗೌರೀಶಂಕರ ಧನಿ ಕೂಗಿದ್ದೇ ಸೀತು ಎತ್ತಿದ ಅಡಿಕೆ ಸೋಗೆಯನ್ನು ಕೆಳಗೆ ಹಾಕಿದಳು. ಮೊನ್ನೆಯ ಸುಂಟರಗಾಳಿ ಬೆಳ್ಳಾರೆ ಪೇಟೆಯ ಅರ್ಧ ಮನೆಗಳ ಸೂರು ಕಿತ್ತು, ಗುಡ್ಡೆಯ ಬುಡದಲ್ಲಿದ್ದ ಅವಳ ಮುಳಿಹುಲ್ಲಿನ ಗುಡಿಸಲನ್ನು ಬರೀ ಗೋಡೆ ಮಾಡಿಟ್ಟು ಹೋಗಿತ್ತು. ಆ ಗೋಡೆಯ ಮೂಲೆಯಲ್ಲಿ ಮಗಳು ಚೆನ್ನು, ಹಸಿ ಬಾಣಂತಿ, ಕೂಸಿನ ಮೇಲೆ ಅಡಿಕೆ ಹಾಳೆ ಹಿಡಿದು ಕೂತಿದ್ದಳು. ಭೂಮಸೂದೆ ಬಂದು ಒಕ್ಕಲುಗಳಿಗೆ ಗದ್ದೆ ಸಿಕ್ಕಿತ್ತು. ಕೂಲಿಯವರ ಗುಡಿಸಲಿನಡಿಯ ನೆಲ ಮಾತ್ರ ಧನಿಯದ್ದೇ.

ಪಕ್ಕದ ಅಪ್ಪಿಯ ಗುಡಿಸಲೂ ಹಾರಿತ್ತು. ಆದರೆ ಅಪ್ಪಿಗೆ ಗಂಡನಿದ್ದ. ಸಂಕಪ್ಪ ಧನಿಯ ಮನೆಯ ಮಾಡು ಹತ್ತಿ ಹಂಚು ಸರಿಮಾಡಿದ. ಜಗಲಿ ಹತ್ತಿದರೆ ಮೈಲಿಗೆ, ಮಾಡು ಹತ್ತಿದರೆ ಅಡ್ಡಿಯಿಲ್ಲ. ಹತ್ತಿದವನಿಗೆ ಒಡಕು ಹಂಚು, ಇಡಿ ಹಂಚು ಧನಿಗೆ. ಅದು ಅಲ್ಲಿನ ಕ್ರಮ. ಕೆಳಗೆ ನಿಂತು ದಿನವಿಡೀ ಹಂಚು ಹೊತ್ತ ವಿಧವೆ ಸೀತುವಿಗೆ ಅದರಲ್ಲಿ ಪಾಲಿಲ್ಲ.

ಸಂಜೆ ಅಪ್ಪಿಯ ಗೋಡೆಯ ಮೇಲೆ ಕೆಂಪಗೆ ಮಾಡು ಎದ್ದಿತು. ಅದರಡಿಯಿಂದ ಅಪ್ಪಿ ಕರೆದಳು.

"ಸೀತಕ್ಕಾ, ಕೂಸನ್ನು ಇಲ್ಲಿಗೆ ತಾ ಮಾರಾಯ್ತಿ. ಒಂದು ಮೂಲೆ ಉಂಟಲ್ಲ."

"ನಿನ್ನ ಅರಮನೆ ನಿಂಗೇ ಇರ್ಲಿ."

"ಎಂತ ಉರಿ ನಿಂಗೆ! ಕೂಸು ಎಂತ ಮಾಡಿದ್ದು?"

ಸೀತು ಮೇಲೆಯೇ ನೋಡುತ್ತಿದ್ದಳು. ಅಪ್ಪಿಯ ಮಾಡಿನ ಮೇಲ್ಗಡೆ ಒಂದು ಸಾಲು ಇಡಿ ಹಂಚು ಇದ್ದುದು ಅವಳ ಕಣ್ಣಿಗೆ ಬಿದ್ದಿತ್ತು. ಸಂಕಪ್ಪ ಒಡಕಿನ ನಡುವೆ ಅಡಗಿಸಿ ತಂದದ್ದು.

ಬೆಳಿಗ್ಗೆ ಹಟ್ಟಿ ಗುಡಿಸುತ್ತಾ, ಯಾರೂ ಕೇಳದಿದ್ದರೂ ಅವಳು ಅಂದಳು: "ಧನೀ, ಸಂಕಪ್ಪನ ಮಾಡಲ್ಲಿ ಇಡಿ ಹಂಚು ಉಂಟು."

ಆಳುಗಳು ಹೋದರು. ಸೀತು ಹೇಳಿದ್ದೆಂದು ಅಪ್ಪಿಗೆ ಸಾರಿ, ಇಡಿಯದ್ದರ ಜೊತೆಗೆ ಒಡಕನ್ನೂ ಇಳಿಸಿ ತಂದರು. ಸಂಕಪ್ಪನನ್ನು ಅಂಗಳದ ಕಂಬಕ್ಕೆ ಕಟ್ಟಿದರು.

"ಕಳ್ಳ ಬೇವರ್ಸಿ! ನನ್ನ ಅನ್ನ ತಿಂದು ನನ್ನ ಹಂಚೇ ಬೇಕಾ?" ಧನಿಯ ಮೆಟ್ಟು ಅವನ ಕೆನ್ನೆಗೆ ಬಿತ್ತು.

ಈಗ ತನ್ನನ್ನು ಕರೆದು ಆ ಹಂಚು ಕೊಟ್ಟಾರು ಎಂದು ಸೀತು ಕಾದಳು.

"ಈ ಹಂಚು ನಾಯಿಗೂಡಿಗೆ ಹಾಕಿ," ಎಂದರು ಧನಿ. "ಪಾಪ, ಗಾಳಿಗೆ ಅದರದ್ದೂ ಹೋಯ್ತು." ಅವಳತ್ತ ತಿರುಗಿ, "ನೀನೆಂತ ಬಾಯಿ ಕಳೆದು ನಿಂತದ್ದು? ಸಗಣಿ ಬಾಚಿ ಆಯ್ತಾ?"

ಪಡುವಲಲ್ಲಿ ಗುಡುಗಿತು. ಗುಡ್ಡೆಯ ಬುಡದಿಂದ ಕೂಸಿನ ಅಳು ಕೇಳಿತು. ಅದಕ್ಕೆ ಅಪ್ಪಿ ಕೊಡುತ್ತೇನೆಂದಿದ್ದ ಒಂದು ಮೂಲೆಯೂ ಈಗಿಲ್ಲ.

ಸೀತು ಬುಟ್ಟಿಯ ಸಗಣಿಯನ್ನು ಅಂಗಳದ ನಡುವೆ ಸುರಿದಳು. ನಾಯಿಗೂಡಿನ ಬಳಿ ಕೂತು ಹಂಚು ತುಂಬತೊಡಗಿದಳು, ಇಡಿಯದ್ದನ್ನೇ ಆರಿಸಿ.

"ಏಯ್! ತಲೆ ಕೆಟ್ಟಿತಾ? ಕೆಳಗಿಡು! ನಾಯಿ ಬಿಡ್ತೇನೆ!"

"ಬಿಡಿ ಧನೀ. ಅದರ ಗೂಡಿನ ಮಾಡು ಅಲ್ವಾ ನಾನು ಕೊಂಡೋಗುದು. ಅದಕ್ಕೂ ಹೊಟ್ಟೆ ಉರಿಯದೆ ಇರ್ತದಾ?"

ಅಪ್ಪಿಯ ಅಂಗಳ ಮುಟ್ಟುವಾಗ ದಪ್ಪ ಹನಿ ಬೀಳುತ್ತಿತ್ತು. ಗಂಡ ಕಂಬದಲ್ಲಿ, ಅಪ್ಪಿ ತಾನೇ ಗೋಡೆ ಹತ್ತಿ ಬೋಳು ಬಿದಿರಿನ ಮೇಲೆ ಕೂತಿದ್ದಳು. ಸೀತು ಬುಟ್ಟಿಯನ್ನು ಎರಡೂ ಕೈಗಳಿಂದ ಮೇಲೆತ್ತಿದಳು.

ಅಪ್ಪಿ ಕ್ಯಾಕರಿಸಿ ಉಗಿದಳು. ಕೈ ಚಾಚಲಿಲ್ಲ.

ಧನಿ ಬಿಟ್ಟ ನಾಯಿ ಬೊಗಳುವ ಸದ್ದು ಇಳಿಜಾರಿನಲ್ಲಿ ಹತ್ತಿರವಾಗುತ್ತಾ ಬಂತು. ಸೀತು ತಿರುಗಿ ನೋಡಲಿಲ್ಲ, ಬುಟ್ಟಿಯನ್ನೂ ಇಳಿಸಲಿಲ್ಲ.