ಬಾಗಿದ ಮೂಗಿನ ಗಡಿಗೆ

ಮೂಗು ಅಂಟಿಸಿ, ಕೈ ಒರೆಸಿಕೊಂಡು, ಒಂದು ಹೆಜ್ಜೆ ಹಿಂದೆ ಸರಿದು ನೋಡಿದೆ. ಗಡಿಗೆಯಿಂದ ನನ್ನ ಗಂಡ ಸೆನ್ನೊ ನನ್ನನ್ನೇ ನೋಡುತ್ತಿದ್ದ.

ರೈನ್ ದಂಡೆಯ ಕೊಲೋನಿಯ ಪಟ್ಟಣದ ಪಶ್ಚಿಮ ಬಾಗಿಲ ಹೊರಗೆ ನಮ್ಮ ಕುಂಬಾರಗೇರಿ. ಸತ್ತವರ ಬೂದಿ ತುಂಬಿಡುವ ಮುಖದ ಗಡಿಗೆ ಬೇಕೆಂದರೆ ಜನ ನನ್ನ ಹತ್ತಿರವೇ ಬರುತ್ತಾರೆ. ಅದರಲ್ಲಿ ಜಂಬಪಡುವಂಥದ್ದೇನೂ ಇಲ್ಲ. ಗಡಿಗೆ ತುಸು ಆರಿದ ಮೇಲೆ ಹುಬ್ಬಿಗೆರಡು ಮಣ್ಣಿನ ಎಳೆ, ಮೂಗಿಗೊಂದು, ಕಣ್ಣಿಗೆರಡು ಉಂಡೆ, ಬಾಯಿಗೊಂದು ಗೀರು. ಯಾರದೂ ಅಲ್ಲದ ಒಂದು ಮುಖ. ಬದುಕಿರುವವರ ಮುಖ ಮಾತ್ರ ಬೀಳಬಾರದು. ಬಿದ್ದರೆ ಗಡಿಗೆ ಅವರನ್ನು ಕರೆದುಕೊಳ್ಳುತ್ತದೆ. ಇದನ್ನು ನನಗೆ ಹೇಳಿಕೊಟ್ಟವಳು ನನ್ನಮ್ಮ, ಅವಳಿಗೆ ಅವಳಮ್ಮ.

ಆವತ್ತು ನನ್ನ ಹೆಬ್ಬೆರಳು ಜಾರಿ ಮೂಗು ನನ್ನ ಬಲಗೈ ಕಡೆಗೆ ಬಾಗಿತು, ಅಷ್ಟೇ. ಸೆನ್ನೊನ ಮೂಗೂ ಹಾಗೇ, ಕುದುರೆ ಒದ್ದು ಬಾಗಿದ್ದು. ಅವನು ದಂಡಿನ ಜೊತೆ ರೈನ್ ನದಿ ದಾಟಿ ಹೋಗಿ ಹನ್ನೊಂದು ದಿನವಾಗಿತ್ತು. ಒಂದು ಸುದ್ದಿಯೂ ಇರಲಿಲ್ಲ.

ಗಡಿಗೆ ಸುಟ್ಟರೆ ಅವನನ್ನು ಸುಟ್ಟಂತೆ. ಒಡೆದರೆ ಅವನನ್ನು ಒಡೆದಂತೆ. ಮೂಗನ್ನಾದರೂ ಕಿತ್ತು ನೆಟ್ಟಗೆ ಮಾಡೋಣವೆಂದು ಬೆರಳಿಟ್ಟೆ, ಮನಸ್ಸು ಬರಲಿಲ್ಲ. ಕೊನೆಗೆ ಒದ್ದೆ ಬಟ್ಟೆ ಹೊದಿಸಿದೆ. ಸೆನ್ನೊ ಬಂದು ಎದುರಿಗೆ ನಿಲ್ಲುವ ತನಕ ಇದು ಹಸಿಯಾಗಿಯೇ ಇರಲಿ, ಆಮೇಲೆ ಏನು ಬೇಕಾದರೂ ಆಗಲಿ ಎಂದುಕೊಂಡೆ.

ಆದರೆ ಗಡಿಗೆ ನನ್ನದಲ್ಲವಲ್ಲ. ಅದನ್ನು ಹೇಳಿ ಮಾಡಿಸಿದವಳು ಮಟುಗೆನಾ, ನದಿಯ ಕೆಳದಂಡೆಯ ಹಳ್ಳಿಯ ಮುದುಕಿ. ದೋಣಿ ನಡೆಸುತ್ತಿದ್ದ ಅವಳ ಮಗ ಲೆಲ್ಲುವೊ ಜ್ವರದಲ್ಲಿ ತೀರಿಕೊಂಡಿದ್ದ. ಅವನನ್ನು ನಾನು ಕಂಡವಳೇ ಅಲ್ಲ. ಮರುದಿನ ಬೆಳಿಗ್ಗೆ ಬಂದ ಮುದುಕಿ, ನಾನು ತಡೆಯುವಷ್ಟರಲ್ಲಿ ಬಟ್ಟೆ ಎತ್ತಿಬಿಟ್ಟಳು.

"ಅಯ್ಯೋ ನನ್ನಪ್ಪಾ ಲೆಲ್ಲುವೊ!" ಎಂದು ಗಡಿಗೆಯ ಕೆನ್ನೆ ಸವರಿದಳು. "ದೋಣಿ ಹಗ್ಗ ಬಡಿದು ಸೊಟ್ಟಗಾದ ಮೂಗು ಕಣೇ ಇದು! ನಾನು ಹೇಳೇ ಇರ್ಲಿಲ್ಲ, ನಿಂಗೆ ಹೆಂಗೇ ಗೊತ್ತಾಯ್ತು?"

"ಇದು ನಿನ್ನ ಮಗ ಅಲ್ಲ ಅಜ್ಜಿ. ಇದು ಕೆಟ್ಟೋಗಿದೆ. ಬೇರೆ ಮಾಡ್ಕೊಡ್ತೀನಿ."

"ಹೆತ್ತೋಳು ನಾನೋ ನೀನೋ?"

ಬೇರೆ ಮೂರು ಮಾಡಿದೆ. ಮೊದಲನೆಯದನ್ನು ನೋಡಿ, "ಇವನ್ಯಾರೇ, ಸುಂಕದ ಕಟ್ಟೆಯವನ ಥರ ಇದಾನೆ?" ಎಂದಳು. ಎರಡನೆಯದಕ್ಕೆ, "ಕುಡಿದು ಬಿದ್ದಾಗ ನಮ್ಮ ಭಾವ ಹಿಂಗೇ ಕಾಣ್ತಿದ್ದ." ಮೂರನೆಯದನ್ನು ಗೋಡೆಯ ಕಡೆಗೆ ತಿರುಗಿಸಿಟ್ಟಳು.

ಅಲ್ಲಿಂದ ಮುಂದೆ ದಿನಾ ನನ್ನ ಹೊಸ್ತಿಲ ಮೇಲೆ ಬಂದು ಕೂರತೊಡಗಿದಳು. ಮಡಿಲಲ್ಲಿ ಒಂದು ಗಂಜಿ ಗಡಿಗೆ, ಅದರೊಳಗೆ ಲೆಲ್ಲುವೊನ ಬೂದಿ.

"ಇಪ್ಪತ್ತು ದಿನದಿಂದ ನನ್ಮಗ ಗಂಜಿ ಗಡಿಗೇಲಿ ಕೂತಿದಾನೆ. ನಿಂಗೆ ಕರುಳು ಅನ್ನೋದು ಇದೆಯೇನೇ?"

ನಾನು ಕಾಲು ಸುಟ್ಟ ಬೆಕ್ಕಿನ ಹಾಗಾಗಿದ್ದೆ. ಬಟ್ಟೆಗೆ ನೀರು ಚಿಮುಕಿಸಿ ನದಿಯ ಕಟ್ಟೆಗೆ ಓಡುವುದು, ಆಚೆ ದಡ ದಿಟ್ಟಿಸುವುದು, ಅಷ್ಟರಲ್ಲಿ ಬಟ್ಟೆ ಒಣಗಿತೇನೋ ಎಂದು ಮನೆಗೆ ಓಡುವುದು. ಬಾರ್ಲಿ ಗಂಜಿ ಎಷ್ಟೋ ಸಲ ತಳ ಹಿಡಿಯಿತು. ಮೂವರು ತಾಯಿ ದೇವಿಯರ ಗುಡಿಯಲ್ಲಿ ಸೇಬು ಇಟ್ಟು ಬಂದೆ, ಇಟ್ಟದ್ದು ಸಾಲದೇನೋ ಎಂದು ಮತ್ತೆ ಹೋದೆ. ಮುದುಕಿಯನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಗಡಿಗೆ ಸುಡುವ ಪಕ್ಕದ ಆವಿಗೆಯ ಕುಂಬಾರ ಸಾಕ್ಕೊ ಒಂದು ದಿನ ಇಣುಕಿ ನಕ್ಕ. "ಏನ್ ಲೌಬಾ, ಬಟ್ಟೆ ಸುತ್ತಿ ಕೂಸು ಸಾಕ್ತಿದೀಯಾ? ಇನ್ನೆರಡು ದಿನ ನೀರು ಕುಡಿಸು, ಮೂಗು ಹೊಟ್ಟೆಗಿಳಿಯುತ್ತೆ."

ಬಟ್ಟೆ ತೆಗೆದು ನೋಡಿದರೆ ಹುಬ್ಬು ಆಗಲೇ ಜೋತುಬಿದ್ದಿತ್ತು. ನಾನು ಅಲ್ಲೇ ಕುಸಿದು ಕೂತು, ಮುದುಕಿಗೆ ಇದ್ದದ್ದನ್ನೆಲ್ಲ ಹೇಳಿಬಿಟ್ಟೆ. ಸೆನ್ನೊ, ಕುದುರೆ, ಮೂಗು, ಎಲ್ಲ. ಬೈಯುತ್ತಾಳೆಂದುಕೊಂಡಿದ್ದೆ. ಅವಳು ಮಡಿಲ ಗಂಜಿ ಗಡಿಗೆಯನ್ನು ಸರಿಯಾಗಿ ಕೂರಿಸಿಕೊಂಡಳು.

"ನಿನ್ನೋನು ಬಂದ್ರೂ ಬರಬಹುದು," ಎಂದಳು. "ನನ್ನೋನು ಬರಲ್ಲ ಕಣೇ."

ಅದರಲ್ಲಿ ಒಂದಿಷ್ಟೂ ಸಿಟ್ಟಿರಲಿಲ್ಲ. ಅದನ್ನೇ ನನಗೆ ತಾಳಲಾಗಲಿಲ್ಲ. ಜೋತ ಹುಬ್ಬನ್ನು ಬೆರಳಲ್ಲಿ ಎತ್ತಿ ಕೂರಿಸಿದೆ, ಒದ್ದೆ ಬಟ್ಟೆಯನ್ನು ಹಿಂಡಿ ಹಗ್ಗದ ಮೇಲೆ ಹಾಕಿದೆ.

ಗಡಿಗೆ ಆರು ದಿನ ಒಣಗಿತು. ಆ ಆರು ದಿನ ನಾನು ಕೂತಲ್ಲಿ ಕೂರಲಿಲ್ಲ. ಆವಿಗೆಗೆ ಬೆಂಕಿ ಇಟ್ಟವನು ಸಾಕ್ಕೊ, ನಾನು ಒಂದು ಕಡ್ಡಿಯನ್ನೂ ಹಾಕಲಿಲ್ಲ. ಬಿರುಕೂ ಬಿಡದೆ ಚೆನ್ನಾಗಿ ಬೆಂದು ಬಂತು. ಮುದುಕಿ ಬೂದಿ ಸುರಿದು, ಗಂಜಿ ಗಡಿಗೆಯ ತಳವನ್ನು ಬೆರಳಿಂದ ಬಳಿದು ಬಳಿದು ಹಾಕಿದಳು. "ಈಗ ಮನೆ ಸೇರ್ದ," ಎಂದಳು. ದಾರಿ ಬದಿಯ ಗುಂಡಿಯಲ್ಲಿ ಗಡಿಗೆ ಇಟ್ಟು ಮಣ್ಣು ಎಳೆಯುವಾಗ ನಾನು ಅತ್ತೆ. ಲೆಲ್ಲುವೊಗಾಗಿ ಅಲ್ಲ. ನನ್ನ ಗಂಡನನ್ನು ನನ್ನ ಕೈಯಾರೆ ಹೂಳುತ್ತಿದ್ದೇನೆಂದು.

ಹೂಳಿದ ಐದನೇ ದಿನ ಮಧ್ಯಾಹ್ನ ಕಹಳೆ ಕೇಳಿಸಿತು. ದಂಡಿನ ದೋಣಿಗಳು ಬರುತ್ತಿದ್ದವು. ಕೈಯ ಮಣ್ಣನ್ನೂ ತೊಳೆಯದೆ ಓಡಿದೆ. ಇಳಿಯುವ ಒಬ್ಬೊಬ್ಬನ ಮೂಗೂ ನೋಡಿದೆ. ನೆಟ್ಟಗಿನವು, ಮೊಂಡಾದವು, ಬಿಸಿಲಿಗೆ ಸುಲಿದವು. ಬಲಕ್ಕೆ ಬಾಗಿದ ಮೂಗು ಒಂದೂ ಇಲ್ಲ. ಕೊನೆಯ ದೋಣಿಯೂ ಬಂತು. ಗಡ್ಡದವನೊಬ್ಬ ನನಗೆ ಅಡ್ಡ ಬಂದು ನಿಂತ.

"ಸ್ವಲ್ಪ ಜರುಗಪ್ಪಾ," ಎಂದೆ, ಅವನ ಹೆಗಲಾಚೆ ಕತ್ತು ಚಾಚುತ್ತ.

"ಎಲ್ಲಿಗೆ ಜರುಗ್ಲಿ, ನೀರಿಗೆ ಬೀಳ್ಲಾ? ಯಾರನ್ನ ಹುಡುಕ್ತಿದೀಯೇ ಲೌಬಾ?"

ಸೆನ್ನೊ! ಬಡಕಲಾಗಿದ್ದ, ಕೊಳಕಾಗಿದ್ದ, ಬದುಕಿದ್ದ. ಅವನ ಮೂಗು ನನ್ನ ಎಡಗೈ ಕಡೆಗೆ ಬಾಗಿತ್ತು.

"ಇದು ಯಾವಾಗಿಂದ ಹಿಂಗಿದೆ?" ಮೂಗು ಹಿಡಿದುಕೊಂಡು ಕೇಳಿದೆ.

"ಕುದುರೆ ಒದ್ದಾಗಿಂದ. ಒಂಬತ್ತು ವರ್ಷ ಜೊತೆಗಿದ್ದು ಈಗ ನೋಡ್ತಿದೀಯಾ? ಬಿಡೇ, ನೋಯುತ್ತೆ."

ಬಿಡಲಿಲ್ಲ. ನಕ್ಕೆ, ಅತ್ತೆ, ಆಮೇಲೆ ನಾಚಿಕೆಯಿಂದ ಸತ್ತೆ. ಕಟ್ಟೆಯ ಅಂಗಡಿಯಲ್ಲಿ ಬಿಯರು ತುಂಬಿದ ಹೂಜಿಯೊಂದನ್ನು ಕೊಂಡು ಅವನ ಕೈಗೆ ಕೊಟ್ಟು, "ಮನೆಗೆ ಆಮೇಲೆ ಹೋಗೋಣ, ಮೊದಲು ಇಲ್ಲಿ ಬಾ," ಎಂದು ದಾರಿ ಬದಿಯ ಹೊಸ ಮಣ್ಣಿನ ಗುಡ್ಡೆಯ ಹತ್ತಿರ ಎಳೆದುಕೊಂಡು ಹೋದೆ.

"ಯಾರೇ ಇದು?" ಎಂದ ಸೆನ್ನೊ.

"ಲೆಲ್ಲುವೊ. ಇವನ ಗಡಿಗೆ ಮೂಗನ್ನ ನಿನ್ನದು ಅಂದ್ಕೊಂಡು, ಇವನನ್ನ ಇಷ್ಟು ದಿನ ಗಂಜಿ ಗಡಿಗೇಲಿ ಕೂರ್ಸಿದ್ದೆ. ಇದು ಸತ್ತೋನ ಪಾಲಿನ ಬಿಯರು, ಮಣ್ಣಿನ ಮೇಲೆ ನೀನೇ ಸುರಿ. ಪೂರ್ತಿ ಸುರಿ, ನಿಂಗೆ ಉಳಿಸ್ಕೋಬೇಡ."