ಅತ್ತೆಯ ಹೆಬ್ಬೆರಳು

ನನ್ನ ಸೋದರತ್ತೆ ಯಾವ ವಸ್ತುವನ್ನೂ ಹೆಬ್ಬೆರಳು ಸುತ್ತಿ ಹಿಡಿದವಳಲ್ಲ. ಛತ್ರಿಯಾಗಲಿ, ಚೀಲವಾಗಲಿ, ಮೆಟ್ಟಿಲ ಕಟಕಟೆಯಾಗಲಿ, ಅವಳ ಐದೂ ಬೆರಳುಗಳು ಒಂದೇ ಪಕ್ಕಕ್ಕೆ ಸಾಲಾಗಿ ನಿಂತು ಕೊಕ್ಕೆಯಂತೆ ಬಾಗುತ್ತವೆ. ಕೈಗೆ ಪೆಟ್ಟಾಗಿರಬೇಕೆಂದು ಹೊಸಬರು ಕನಿಕರಪಟ್ಟರೆ, ಆ ಕನಿಕರವನ್ನು ಸಂತೋಷದಿಂದ ಸ್ವೀಕರಿಸಿ ಅವರ ಕೈಯಲ್ಲೇ ಚೀಲ ಹೊರಿಸುತ್ತಾಳೆ.

ಇದರ ಮೂಲ ಅವಳ ಕಾರು. ಎರಡನೇ ಮಹಾಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ, ಎರಡೇ ಸೀಟಿನ, ತಲೆಯ ಮೇಲೆ ಸೂರಿಲ್ಲದ ಕಡುಹಸಿರು ಸ್ಪೋರ್ಟ್ಸ್ ಕಾರು ಅದು. ಉದ್ದ ಮೂತಿ, ತಂತಿಕಡ್ಡಿಯ ಚಕ್ರಗಳು, ಕೂತವರ ಕೈಗೆ ನೆಲ ಎಟುಕುವಷ್ಟು ತಗ್ಗು. ಬ್ಯಾಟರಿ ಕೈಕೊಟ್ಟರೆ ಮೂತಿಯ ಕೆಳಗಿನ ತೂತಿಗೆ ಕಬ್ಬಿಣದ ಹಿಡಿಕೆ ತೂರಿಸಿ ಎಂಜಿನ್ ತಿರುಗಿಸಬೇಕು. ಅದು ಒಮ್ಮೊಮ್ಮೆ ಹಿಮ್ಮುಖವಾಗಿ ಒದೆಯುತ್ತದೆ. ಹೆಬ್ಬೆರಳು ಸುತ್ತಿ ಹಿಡಿದಿದ್ದರೆ ಆ ಬೆರಳಿನ ಕಥೆ ಮುಗಿಯಿತು. ಮದುವೆಯಾದ ವರ್ಷವೇ ಮಾವನ ಹೆಬ್ಬೆರಳು ಹೀಗೆ ಸೊಟ್ಟಗಾಯಿತು. ಅತ್ತೆಯೋ ಹಲ್ಲಿನ ಡಾಕ್ಟರು. "ನಿಮ್ಮ ಮಾವಂದು ಮುರಿದಾಗ ಮನೆಗೆ ಮಾತ್ರ ನಷ್ಟ. ನಂದು ಮುರಿದ್ರೆ ಊರೆಲ್ಲ ಕೆನ್ನೆ ಹಿಡ್ಕೊಂಡು ಕೂರ್ಬೇಕು" ಎನ್ನುತ್ತಾಳೆ.

ಮಾವ ಹೋದ ಮೇಲೆ ಅವರ ಚರ್ಮದ ಕೋಟು ಇವಳ ಮೈಗೆ ಬಂತು; ತೋಳುಗಳನ್ನು ಎಷ್ಟು ಮಡಿಸಿದರೂ ಬೆರಳ ತುದಿ ಮಾತ್ರ ಹೊರಗೆ. ಎದುರುಗಾಳಿಯಲ್ಲಿ ನಡೆಯುವವಳಂತೆ ಸದಾ ಮುಂದಕ್ಕೆ ಬಾಗಿ, ಪುಟ್ಟ ಪುಟ್ಟ ಹೆಜ್ಜೆಗಳಲ್ಲಿ ದುಡುದುಡು ಸಾಗುವ ಅವಳು, ಯಾರಾದರೂ ಉತ್ತರ ಕೊಡಲು ತಡವರಿಸಿದರೆ "ಬಾಯಿ ತೆಗೀರಿ, ನೋಡೋಣ" ಎಂದು ಗದರುತ್ತಾಳೆ. ಕಾರಿನ ಬಾನೆಟ್ ಎತ್ತುವಾಗಲೂ ಅದೇ ಮಾತು, ಆದರೆ ದನಿ ಎಷ್ಟೋ ಮೆತ್ತಗೆ.

ವರ್ಷಕ್ಕೊಮ್ಮೆ ಮೈದಾನದಲ್ಲಿ ಹಳೆಯ ಕಾರುಗಳ ಪ್ರದರ್ಶನ. ಉಳಿದವರು ತಮ್ಮ ಕಾರುಗಳನ್ನು ಹೊದಿಕೆ ಹೊದಿಸಿ ಲಾರಿಯ ಮೇಲೆ ತರಿಸಿದರೆ, ಅತ್ತೆ ದಾರಿಯುದ್ದಕ್ಕೂ ಎಣ್ಣೆ ತೊಟ್ಟಿಕ್ಕಿಸುತ್ತ ತಾನೇ ಓಡಿಸಿಕೊಂಡು ಬರುತ್ತಾಳೆ. ಹೋದ ವರ್ಷ ಕಾರು ಮೈದಾನದ ನಡುವೆಯೇ ಮುಷ್ಕರ ಹೂಡಿ, ಜನ ಸೇರಿ ತಳ್ಳಬೇಕಾಯಿತು. ಈ ಸಲ ಪ್ರದರ್ಶನದ ಕಾರ್ಯದರ್ಶಿಗಳು ಬಹು ವಿನಯದಿಂದ ಹೇಳಿದರು: "ಡಾಕ್ಟ್ರೇ, ಇವತ್ತೂ ಕಾರು ತಾನಾಗಿ ಒಂದು ಸುತ್ತು ಬರ್ಲಿಲ್ಲ ಅಂದ್ರೆ ಮುಂದಿನ ವರ್ಷದಿಂದ ಹಗ್ಗದೊಳಗೆ, ಓಡದ ಕಾರುಗಳ ಸಾಲಲ್ಲಿ ಇಟ್ಬಿಡೋಣ. ನೀವೂ ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಆರಾಮಾಗಿ ಕೂರ್ಬಹುದು."

"ಕುರ್ಚಿಯಂತೆ!" ಎಂದು ಅತ್ತೆ ಬೆಳಗೆಲ್ಲ ಗೊಣಗಿದಳು. ಅವಳಿಗೆ ಹೆದರಿಕೆಯಾಗಿತ್ತು. ಕಾರಿನ ನೆಪದಲ್ಲಿ ತನ್ನನ್ನೇ ಹಗ್ಗದೊಳಗೆ ಕಟ್ಟಿಹಾಕುತ್ತಾರೆಂಬ ಹೆದರಿಕೆ. ಅವಳ ಮುಖದಲ್ಲಿ ಅದನ್ನು ನಾನು ಕಂಡದ್ದು ಆವತ್ತೇ ಮೊದಲು.

ನಮ್ಮ ಸರದಿ ಬಂತು. ಕೀಲಿ ತಿರುಗಿಸಿದರೆ ಟಿಕ್ ಎಂದದ್ದಷ್ಟೇ, ಬ್ಯಾಟರಿ ಸತ್ತಿತ್ತು. ಕಾರ್ಯದರ್ಶಿಗಳು ತಳ್ಳುವವರತ್ತ ಕೈಸನ್ನೆ ಮಾಡುವಷ್ಟರಲ್ಲಿ ಅತ್ತೆ ಸೀಟಿನ ಹಿಂದಿನಿಂದ ಹಿಡಿಕೆ ಎಳೆದುಕೊಂಡಳು.

"ಕೊಡು ಅತ್ತೆ, ನಾನು ತಿರುಗಿಸ್ತೀನಿ" ಎಂದು ನಾನೂ ಕೈ ಹಾಕಿದೆ.

"ನಿನ್ನ ಹೆಬ್ಬೆರಳು ಎಲ್ಲಿದೆ ನೋಡ್ಕೋ."

ಅದು ಆಗಲೇ ಹಿಡಿಕೆಯನ್ನು ಸುತ್ತಿಕೊಂಡಿತ್ತು. ನನ್ನನ್ನು ಪೆಡಲು ಒತ್ತಲು ಅಟ್ಟಿ, ಅವಳು ಮೂತಿಯ ಮುಂದೆ ಬಾಗಿದಳು. ಎಳೆದಳು, ಎಂಜಿನ್ ಕೆಮ್ಮಿ ಸುಮ್ಮನಾಯಿತು. ಮತ್ತೆ ಎಳೆದಾಗ ಒದೆಯಿತು ನೋಡಿ, ಹಿಡಿಕೆ ರಪ್ಪನೆ ಹಿಂದಕ್ಕೆ ತಿರುಗಿತು, ನೆರೆದವರು ಹಾ ಎಂದರು. ಅತ್ತೆಯ ಬೆರಳುಗಳು ಅದರಿಂದ ಸಲೀಸಾಗಿ ಜಾರಿಕೊಂಡಿದ್ದವು. ಅವಳು ಕೋಟು ಬಿಚ್ಚಿ ನನ್ನ ಮೇಲೆಸೆದು, "ಬಾಯಿ ತೆಗಿ ಮಗಳೇ" ಎಂದು ಕಾರಿಗೆ ಹೇಳಿ, ಇಡೀ ಮೈಭಾರ ಹಾಕಿ ಇನ್ನೊಮ್ಮೆ ಎಳೆದಳು. ಕಾರು ನೀಲಿ ಹೊಗೆ ಕಾರಿ, ಮೈ ಕೊಡವಿ, ಗುಡುಗಿತು.

ನನ್ನನ್ನು ಪಕ್ಕದ ಸೀಟಿಗೆ ನೂಕಿ ಹೊರಟವಳು, ಒಂದು ಸುತ್ತು ಕೇಳಿದವರಿಗೆ ಎರಡು ಸುತ್ತು ತೋರಿಸಿದಳು. ನಾನು ಕೋಟು ಅಪ್ಪಿಕೊಂಡು, ಗಾಳಿಗೋ ಮತ್ತೇತಕ್ಕೋ ಒದ್ದೆಯಾದ ಕಣ್ಣುಗಳನ್ನು ಅದರ ತೋಳಿನಲ್ಲೇ ಒರೆಸಿಕೊಂಡೆ. ಬಹುಮಾನ ಲಾರಿಯಲ್ಲಿ ಬಂದ ಕಾರೊಂದಕ್ಕೆ ಹೋಯಿತು. "ಪೂರಾ ಹಲ್ಲು ಕಟ್ಟಿಸ್ಕೊಂಡಿದೆ ಅದು" ಎಂದು ಅತ್ತೆ ಧಾರಾಳವಾಗಿ ಚಪ್ಪಾಳೆ ತಟ್ಟಿದಳು.

ಹಳೆಯದನ್ನು ಪ್ರೀತಿಸುವವರು ಬಹಳ ಮಂದಿ, ಹೆಚ್ಚಿನವರು ಅದನ್ನು ಹೊದಿಸಿಟ್ಟು ಕಾಯುತ್ತಾರೆ. ಅತ್ತೆಯ ಕುಲದವರು ಬೇರೆ: ಒದೆಯುತ್ತದೆಂದು ಗೊತ್ತಿದ್ದೇ ಕೈ ಹಾಕುತ್ತಾರೆ, ಒದ್ದಾಗ ಮುನಿಸಿಲ್ಲದೆ ಬಿಡುತ್ತಾರೆ, ಮರುಕ್ಷಣವೇ ಮತ್ತೆ ಹಿಡಿಯುತ್ತಾರೆ. ಅಂಥವರಿಗಾಗಿ ಕುರ್ಚಿ ಹೊತ್ತು ತರುವ ಪುಣ್ಯಾತ್ಮರಲ್ಲಿ ನನ್ನದೊಂದು ವಿನಂತಿ: ಸ್ವಲ್ಪ ಹೊತ್ತು ಅದರಲ್ಲಿ ನೀವೇ ಕೂತಿರಿ, ಅವರು ಇನ್ನೊಂದು ಸುತ್ತು ಹಾಕಿ ಬರುತ್ತಾರೆ.