ಅಳಿಸಿದ ಅರವತ್ತಮೂರು ಹೆಸರು

೧೯೮೭ರಲ್ಲಿ ಗದಗಿನಲ್ಲಿ ಕಂಪ್ಯೂಟರ್ ಸಮ್ಮೇಳನ ನಡೆಯಿತು. ಭಾಷಣ ಮಾಡಿದವರಲ್ಲಿ ನಾನೂ ಒಬ್ಬ. ಕಣ್ಣಿನ ಪೊರೆ ತೆಗೆಯುವ ಶಿಬಿರ ನಡೆಸುವ ಸಮಿತಿಯೊಂದರಲ್ಲಿ ರೋಗಿಗಳ ದಾಖಲೆ ನೋಡಿಕೊಳ್ಳುವುದು ನನ್ನ ಕೆಲಸ. ಸಾವಿರಾರು ಚೀಟಿಗಳನ್ನು ಕಂಪ್ಯೂಟರಿಗೆ ಏರಿಸಿದ್ದೆ. ಎರಡು ವರ್ಷದಿಂದ ಇಂಥ ಒಂದು ಸಭೆಯನ್ನೂ ಬಿಟ್ಟವನಲ್ಲ. ಹುಬ್ಬಳ್ಳಿಯಿರಲಿ, ಧಾರವಾಡವಿರಲಿ, ಎದೆಗೆ ಬ್ಯಾಡ್ಜ್ ಚುಚ್ಚಿಕೊಂಡು ಮುಂದಿನ ಸಾಲಿನಲ್ಲಿ ಕೂಡುತ್ತಿದ್ದೆ. ಈ ಸಲ ಮೈಕೇ ಕೈಗೆ ಬಂದಿತ್ತು. ಬಿಡುತ್ತೇನೆಯೇ?

“ಜನ ಎರಡೆರಡು ಸಲ ಹೆಸರು ಬರೆಸುತ್ತಾರೆ. ಹೆಸರು, ತಂದೆಯ ಹೆಸರು, ಊರು, ಮೂರೂ ಒಂದೇ ಇದ್ದರೆ ಹಳೆಯದನ್ನು ಅಳಿಸು ಎಂದು ಯಂತ್ರಕ್ಕೆ ಹೇಳಿದೆ. ವಯಸ್ಸನ್ನು ಮಾತ್ರ ನಂಬಬೇಡ ಅಂದೆ. ನಮ್ಮ ಹಿರಿಯರು ಒಮ್ಮೆ ಐವತ್ತು ಅಂತಾರೆ, ಇನ್ನೊಮ್ಮೆ ಎಂಬತ್ತು!” ಸಭೆ ನಕ್ಕಿತು. “ನಾಲ್ಕೇ ನಿಮಿಷದಲ್ಲಿ ಅರವತ್ತಮೂರು ಹೆಸರು ಸಾಫ್!”

ಚಪ್ಪಾಳೆ ಬಿತ್ತು. ಅದರ ನಡುವೆಯೇ ಹನಮಂತವ್ವ ಎದ್ದು ನಿಂತಳು. ಮನೆಮನೆ ತಿರುಗಿ ರೋಗಿಗಳ ಹೆಸರು ಬರೆದು ತರುವವಳು ಅವಳೇ. ನನ್ನ ಭಾಷಣ ಕೇಳಲಿ ಎಂದು ನಾನೇ ಕರೆತಂದಿದ್ದೆ.

“ಅಂದಾನಪ್ಪ ಸರ್ರ, ಸೊರಟೂರಾಗ ಬುಡ್ಡೇಸಾಬ ಮರ್ದಾನಸಾಬ ಅನ್ನಾವರು ಎಷ್ಟ ಮಂದಿ ಅದಾರ? ನಿಮ್ಮ ಮಷಿನ್ನಿಗೆ ಕೇಳ್ರಿ.”

ವೇದಿಕೆಯ ಮೇಲಿದ್ದ ಕಂಪ್ಯೂಟರಿನ ಕೀಲಿ ಒತ್ತಿದೆ. ಒಬ್ಬನೇ ಬಂದ. ‘ಕನ್ನಡಕ ಕೊಟ್ಟಿದೆ, ಕೆಲಸ ಮುಗಿದಿದೆ’ ಎಂದು ಗತ್ತಿನಿಂದ ಓದಿದೆ.

“ಅಂವ ಮೊಮ್ಮಗರಿ, ಸಾಲಿ ಮಾಸ್ತರ. ಅವರಪ್ಪ ಮರ್ದಾನಸಾಬ. ಅಜ್ಜನ ಹೆಸರೂ ಬುಡ್ಡೇಸಾಬ, ಅಜ್ಜನ ಅಪ್ಪನೂ ಮರ್ದಾನಸಾಬ. ಅಜ್ಜನ ಹೆಸರು ಮೊಮ್ಮಗಗ ಇಡೂದು ಎಲ್ಲಾರ ಮನ್ಯಾಗೂ ಐತಲ್ರಿ? ಪೊರಿ ಬಂದಿದ್ದು ಅಜ್ಜಗ, ಎರಡೂ ಕಣ್ಣಿಗೆ. ಶಿರಹಟ್ಟಿ ಶಿಬಿರಕ್ಕ ಬರ್ರಿ ಅನ್ನೂ ಕಾಗದ ಬರತೈತಿ ಅಂತ ದಾರಿ ನೋಡಿದ್ರು. ಬರಲಿಲ್ಲ. ಮೊನ್ನೆ ಪೊರಿ ಮಾಗಿ, ಕಣ್ಣಾಗ ಬ್ಯಾನಿ ಎದ್ದು ಒಂದ ಕಣ್ಣು ಪೂರಾ ಹೋತು. ಇನ್ನೊಂದಾದ್ರೂ ಉಳಸ್ರಿ.”

ಹಿಂದಿನ ಸಾಲಿನಲ್ಲಿ ಯಾರೋ ಇನ್ನೂ ಚಪ್ಪಾಳೆ ಹೊಡೆಯುತ್ತಲೇ ಇದ್ದರು. ನಾನು ಅಂದಾನಪ್ಪ ಹೊಳೆಯಪ್ಪ. ಇಂದಿಗೂ ಕೋಲೂರಿಕೊಂಡು ಹತ್ತಿ ಪೇಟೆಗೆ ಹೋಗುವ ನನ್ನಜ್ಜನೂ ಅಂದಾನಪ್ಪ ಹೊಳೆಯಪ್ಪ. ತೊಟ್ಟಿಲಲ್ಲೇ ಅಜ್ಜನ ಹೆಸರು ಹೊತ್ತುಕೊಂಡವನಿಗೆ ಇದು ಹೊಳೆಯಲಿಲ್ಲವಲ್ಲ! ಥೂ ನನ್ನ ಜಾಣತನಕ್ಕೆ ಬೆಂಕಿ ಹಾಕ. ಆ ಅರವತ್ತಮೂರರಲ್ಲಿ ಇನ್ನೆಷ್ಟು ಅಜ್ಜ ಅಜ್ಜಿಯರು ಕಾಗದದ ದಾರಿ ಕಾಯುತ್ತಿದ್ದಾರೋ!

ಊಟಕ್ಕೂ ನಿಲ್ಲಲಿಲ್ಲ. ಕಚೇರಿಗೆ ಓಡಿ, ಪುಣ್ಯಕ್ಕೆ ಇನ್ನೂ ರದ್ದಿಗೆ ಹಾಕಿರದ ಹಳೆಯ ಚೀಟಿಗಳನ್ನು ಚೀಲಕ್ಕೆ ತುಂಬಿಕೊಂಡೆ. ಸೋಮವಾರ ಮುಂಡರಗಿಯಲ್ಲಿ ಶಿಬಿರವಿತ್ತು. ಅಷ್ಟರೊಳಗೆ ಅರವತ್ತಮೂರು ಮನೆ ತಿರುಗಬೇಕು. ಹನಮಂತವ್ವನ ಜೊತೆ ಮೊದಲು ಸೊರಟೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವಳು ಚೀಟಿಗಳನ್ನು ಊರುವಾರು ವಿಂಗಡಿಸುತ್ತ ಕೂತಳು. ಬೈದಿದ್ದರೆ ಚೆನ್ನಾಗಿತ್ತು.

ಮುದುಕ ಬುಡ್ಡೇಸಾಬ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಒಂದು ಕಣ್ಣಿಗೆ ಬಟ್ಟೆ ಕಟ್ಟಿತ್ತು. ಇನ್ನೊಂದರಲ್ಲಿ ಬೆಳ್ಳಗೆ ಪೊರೆ. ಹೆಜ್ಜೆಯ ಸಪ್ಪಳಕ್ಕೆ ಮುಖ ಎತ್ತಿದ.

“ಯಾರ್ರಿ ಅದು?”

“ಗದಗಿನಿಂದ ಬಂದೇನ್ರಿ. ಅಂದಾನಪ್ಪ ಹೊಳೆಯಪ್ಪ.”

“ಹತ್ತಿ ಪ್ಯಾಟಿ ಅಂದಾನಪ್ಪ? ಬರ್ರಿ, ಕುಂಡ್ರಿ.” ಗಾಳಿಯಲ್ಲಿ ತಡಕಾಡಿ ನನ್ನ ಕೈ ಹಿಡಿದುಕೊಂಡ. ಆಮೇಲೆ ಏನೋ ನೆನಪಾದವನಂತೆ ಕೇಳಿದ: “ತಡೀರಿ, ಯಾವ ಅಂದಾನಪ್ಪ? ಅಜ್ಜನೋ, ಮೊಮ್ಮಗನೋ?”